ಕಪ್ಪು-ಬಿಳುಪು ಚಿತ್ರದಲ್ಲಿ ಗುಲಾಬಿ ಹೊಗೆ: ಇದು ಡಿಸ್ಕಿನ ದೋಷವೇ?

ಪ್ರಶ್ನೆ: ಅಕಿರಾ ಕುರೊಸಾವಾ ಅವರ ‘ಹೈ ಅಂಡ್ ಲೋ’ ಚಿತ್ರವನ್ನು ಬ್ಲೂ-ರೇ ಡಿಸ್ಕಿನಲ್ಲಿ ನೋಡಿದೆ. ಇಡೀ ಚಿತ್ರ ಕಪ್ಪು-ಬಿಳುಪು. ಆದರೆ ಒಂದೇ ಒಂದು ಕಡೆ ಚಿಮಣಿಯಿಂದ ಗುಲಾಬಿ ಬಣ್ಣದ ಹೊಗೆ ಏಳುತ್ತದೆ. ಇದು ಮೂಲದಲ್ಲೇ ಇತ್ತೇ, ಅಥವಾ ಡಿಸ್ಕ್ ತಯಾರಿಸಿದವರು ಈಚೆಗೆ ಬಣ್ಣ ಹಚ್ಚಿದರೇ? ಸ್ನೇಹಿತರ ಮನೆಯಲ್ಲಿ ಇದೇ ಚಿತ್ರ ನೋಡಿದಾಗ ಹೊಗೆ ಬೂದು ಬಣ್ಣದ್ದಾಗಿಯೇ ಕಂಡಿತ್ತು. ಯಾವುದು ಸರಿ?

ಉತ್ತರ: ಗುಲಾಬಿ ಹೊಗೆಯೇ ಸರಿ. 1963ರ ಮಾರ್ಚ್ 1ರಂದು ಜಪಾನಿನಲ್ಲಿ ಈ ಚಿತ್ರ ತೆರೆಕಂಡಾಗಲೇ ಆ ಹೊಗೆಗೆ ಬಣ್ಣವಿತ್ತು. 143 ನಿಮಿಷಗಳ ಚಿತ್ರದಲ್ಲಿ ಕೆಲವೇ ಸೆಕೆಂಡುಗಳ ಕಾಲ, ಪರದೆಯ ಒಂದು ಮೂಲೆಯಷ್ಟು ಜಾಗದಲ್ಲಿ ಮಾತ್ರ ಬಣ್ಣ ಕಾಣಬೇಕೆಂದು ನಿರ್ದೇಶಕರೇ ಬಯಸಿ ಮಾಡಿದ ಕೆಲಸ ಅದು. ಡಿಸ್ಕ್ ತಯಾರಿಸಿದವರು ಅದನ್ನು ಇದ್ದಂತೆಯೇ ಉಳಿಸಿದ್ದಾರೆ. ಸ್ನೇಹಿತರ ಮನೆಯಲ್ಲಿ ಹೊಗೆ ಬೂದಾಗಿ ಕಂಡಿದ್ದಕ್ಕೆ ಬೇರೆ ಕಾರಣಗಳಿರಬೇಕು. ಅವುಗಳಿಗೆ ಮುಂದೆ ಬರುತ್ತೇನೆ.

ಈ ಅನುಮಾನ ಕನ್ನಡ ಪ್ರೇಕ್ಷಕರಿಗೆ ಬರುವುದು ಬಹಳ ಸಹಜ. 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ ಬಣ್ಣ ತುಂಬಿ 2008ರಲ್ಲಿ ಮತ್ತೆ ತೆರೆಗೆ ತಂದದ್ದನ್ನೂ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತಳೆದು ಬಂದದ್ದನ್ನೂ ನಾವು ಕಂಡಿದ್ದೇವೆ. ಹೀಗಾಗಿ ಹಳೆಯ ಚಿತ್ರವೊಂದರಲ್ಲಿ ಬಣ್ಣದ ತುಣುಕು ಕಂಡರೆ ಅದು ಕಂಪ್ಯೂಟರಿನ ಕೈವಾಡವೆಂದು ಮನಸ್ಸು ಮೊದಲು ಊಹಿಸುತ್ತದೆ. ಇನ್ನು ಹಳಬರಿಗೆ ‘ಭಾಗಶಃ ವರ್ಣ’ ಎಂಬ ಮಾತೂ ನೆನಪಿರುತ್ತದೆ. 1964ರ ‘ಅಮರಶಿಲ್ಪಿ ಜಕಣಾಚಾರಿ’ ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಎಂದು ‘ಪೂರ್ಣ’ ಎಂಬ ಪದವನ್ನು ಸೇರಿಸಿ ಹೇಳುವ ವಾಡಿಕೆ ಇದೆ; ಹಾಡೊಂದನ್ನೋ ಕೆಲವು ರೀಲುಗಳನ್ನೋ ಮಾತ್ರ ಬಣ್ಣದಲ್ಲಿ ತೆಗೆದು, ಉಳಿದದ್ದನ್ನು ಕಪ್ಪು-ಬಿಳುಪಿನಲ್ಲೇ ಮುಗಿಸುವ ಪದ್ಧತಿ ಆ ಕಾಲದ ಭಾರತೀಯ ಚಿತ್ರರಂಗದಲ್ಲಿ ಇದ್ದೇ ಇತ್ತು. ಅಲ್ಲಿ ಬಣ್ಣವೆಂದರೆ ವೈಭವ, ಹಬ್ಬದ ಅಲಂಕಾರ. ಕುರೊಸಾವಾ ಅವರ ಹೊಗೆಯ ಬಣ್ಣ ಆ ಜಾತಿಯದಲ್ಲ. ಅದು ಕಥೆಯೊಳಗಿನ ಒಂದು ಸಾಕ್ಷ್ಯ, ಪೊಲೀಸರ ಕೈಗೆ ಸಿಗುವ ಸುಳಿವು. ಅದಿಲ್ಲದೆ ತನಿಖೆ ಮುಂದಕ್ಕೆ ಹೋಗುವುದೇ ಇಲ್ಲ.

ಅದು ಹೇಗೆಂದು ತಿಳಿಯಲು ಕಥೆಯನ್ನು ಆ ಹೊಗೆಯವರೆಗೆ ಹೇಳಬೇಕಾಗುತ್ತದೆ. ಕೊನೆಯನ್ನು ಹೇಳುವುದಿಲ್ಲ, ಆದರೆ ಚಿತ್ರವನ್ನು ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ, ನೋಡಿದ ಮೇಲೆ ಮುಂದೆ ಓದಿದರೆ ಒಳ್ಳೆಯದು.

ಚಿತ್ರದ ಜಪಾನಿ ಹೆಸರು ‘ತೆಂಗೊಕು ತೊ ಜಿಗೊಕು’, ಅಂದರೆ ಸ್ವರ್ಗ ಮತ್ತು ನರಕ. ಎಡ್ ಮೆಕ್‌ಬೇನ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅಮೆರಿಕದ ಲೇಖಕರ 1959ರ ಕಾದಂಬರಿ ‘ಕಿಂಗ್ಸ್ ರ‍್ಯಾನ್ಸಮ್’ ಇದಕ್ಕೆ ಆಧಾರ. ಯೊಕೊಹಾಮಾ ನಗರದ ಗುಡ್ಡದ ಮೇಲೆ ಗೊಂಡೊ ಎಂಬ ಪಾದರಕ್ಷೆ ಕಂಪನಿಯ ಅಧಿಕಾರಿಯ ದೊಡ್ಡ ಮನೆ ಇದೆ. ಆ ಪಾತ್ರದಲ್ಲಿ ತೊಶಿರೊ ಮಿಫುನೆ ಇದ್ದಾರೆ. ಕಂಪನಿಯ ಹಿಡಿತ ತನ್ನ ಕೈಗೆ ಬರಲೆಂದು ಗೊಂಡೊ ಮನೆಯನ್ನೂ ಅಡವಿಟ್ಟು 5 ಕೋಟಿ ಯೆನ್ ಹೊಂದಿಸಿರುತ್ತಾನೆ. ಅದೇ ರಾತ್ರಿ ಅವನ ಮಗನನ್ನು ಅಪಹರಿಸಿರುವುದಾಗಿಯೂ, 3 ಕೋಟಿ ಯೆನ್ ಕೊಡಬೇಕೆಂದೂ ಫೋನ್ ಬರುತ್ತದೆ. ಸ್ವಲ್ಪ ಹೊತ್ತಿಗೆ ಮಗ ಮನೆಯೊಳಗೇ ಕಾಣಿಸಿಕೊಳ್ಳುತ್ತಾನೆ. ಅಪಹರಣಕಾರ ತಪ್ಪಿ ಕಾರಿನ ಚಾಲಕನ ಮಗನನ್ನು ಹೊತ್ತೊಯ್ದಿದ್ದಾನೆ; ಆದರೂ ಹಣದ ಬೇಡಿಕೆಯನ್ನು ಬಿಡುವುದಿಲ್ಲ. ಬೇರೆಯವರ ಮಗುವಿಗಾಗಿ ತನ್ನ ಬದುಕನ್ನೇ ತೆತ್ತುಕೊಳ್ಳಬೇಕೇ ಎಂಬ ಪ್ರಶ್ನೆ ಆ ಮನೆಯ ಹಜಾರದಲ್ಲಿ ಸುಮಾರು ಒಂದು ಗಂಟೆಯ ಕಾಲ ಉಸಿರುಗಟ್ಟಿಸುವಂತೆ ಬೆಳೆಯುತ್ತದೆ.

ಕೊನೆಗೆ ಹಣ ಕೊಡುವುದೆಂದು ತೀರ್ಮಾನವಾಗುತ್ತದೆ. ಹಣ ತುಂಬುವ ಚೀಲಗಳು 7 ಸೆಂಟಿಮೀಟರಿಗಿಂತ ದಪ್ಪ ಇರಬಾರದೆಂದು ಅಪಹರಣಕಾರ ಹೇಳಿರುತ್ತಾನೆ. ಪೊಲೀಸರು ಎರಡು ಬಗೆಯ ಪುಡಿಯನ್ನು ತಂದಿರುತ್ತಾರೆ: ಒಂದು ನೀರಿಗೆ ಬಿದ್ದರೆ ಕೆಟ್ಟ ವಾಸನೆ ಹೊರಡಿಸುತ್ತದೆ, ಇನ್ನೊಂದು ಸುಟ್ಟರೆ ಬಣ್ಣದ ಹೊಗೆ ಬಿಡುತ್ತದೆ. ಚೀಲವನ್ನು ನೀರಿಗೆಸೆದರೂ ಬೆಂಕಿಗೆ ಹಾಕಿದರೂ ಸುಳಿವು ಸಿಗಲಿ ಎಂಬ ಲೆಕ್ಕಾಚಾರ. ಆದರೆ ಪುಡಿಯನ್ನು ಚೀಲದೊಳಗೆ ಗೊತ್ತಾಗದಂತೆ ಅಡಗಿಸುವವರು ಯಾರು? ಆಗ ಗೊಂಡೊ ತನ್ನ ಹಳೆಯ ಸಲಕರಣೆಗಳನ್ನು ತರಿಸಿಕೊಳ್ಳುತ್ತಾನೆ. ಅವನು ಚರ್ಮದ ಕೆಲಸ ಕಲಿಯುವ ಹುಡುಗನಾಗಿ ಬದುಕು ಆರಂಭಿಸಿದವನು. ರೇಷ್ಮೆಯಂಥ ಬದುಕಿನ ನಡುವೆ, ಪೊಲೀಸರು ಸುತ್ತ ನಿಂತು ನೋಡುತ್ತಿರುವಾಗ, ನೆಲದ ಮೇಲೆ ಕುಳಿತು ಚೀಲದ ಚರ್ಮವನ್ನು ಬಿಚ್ಚಿ ಹೊಲಿಯುತ್ತಾನೆ. ನನ್ನ ಮಟ್ಟಿಗೆ ಇಡೀ ಚಿತ್ರದ ಅತ್ಯಂತ ಆಳವಾದ ದೃಶ್ಯ ಇದು. ಮಾಲೀಕನಾಗಲು ಹೊರಟಿದ್ದ ಮನುಷ್ಯ ಎಲ್ಲವನ್ನೂ ಕಳೆದುಕೊಳ್ಳುವ ಗಳಿಗೆಯಲ್ಲಿ ಮತ್ತೆ ಕೈಕಸುಬಿನವನಾಗುತ್ತಾನೆ, ಮತ್ತು ಆ ಕೈಗಳು ತಮ್ಮ ಕೆಲಸವನ್ನು ಮರೆತಿರುವುದಿಲ್ಲ. ಮುಂದೆ ಏಳುವ ಗುಲಾಬಿ ಹೊಗೆ ಆ ಹೊಲಿಗೆಯ ಫಲ.

ಈಗ ಬಣ್ಣದ ಅಗತ್ಯ ಏನೆಂಬುದು ಸ್ಪಷ್ಟವಾಗುತ್ತದೆ. ಯೊಕೊಹಾಮಾ ಕೈಗಾರಿಕೆಗಳ ಊರು, ಅಲ್ಲಿ ಚಿಮಣಿಗಳಿಗೂ ಹೊಗೆಗೂ ಬರವಿಲ್ಲ. ಕಪ್ಪು-ಬಿಳುಪಿನಲ್ಲಿ ಎಲ್ಲ ಹೊಗೆಯೂ ಒಂದೇ. ಪಾತ್ರವೊಂದು ‘ನೋಡಿ, ಗುಲಾಬಿ ಹೊಗೆ’ ಎಂದು ಕೂಗಿದರೆ ನಾವು ಅದನ್ನು ನಂಬಬಹುದು. ಆದರೆ ಕೇಳಿ ನಂಬುವುದಕ್ಕೂ ಕಣ್ಣಾರೆ ಕಂಡು ಬೆಚ್ಚುವುದಕ್ಕೂ ಅಂತರವಿದೆ. ಅಷ್ಟು ಹೊತ್ತಿನಿಂದ ಬೂದು ಛಾಯೆಗಳಿಗೆ ಒಗ್ಗಿಹೋದ ಕಣ್ಣಿಗೆ ಆ ಗುಲಾಬಿ ತಾಕಿದಾಗ, ಪತ್ತೇದಾರರ ಜೊತೆ ನಾವೂ ಕಿಟಕಿಯ ಬಳಿ ಎದ್ದು ನಿಂತಂತಾಗುತ್ತದೆ.

ಆ ಕಿಟಕಿಯ ವಿಷಯವನ್ನೂ ಹೇಳಬೇಕು. ಗುಡ್ಡದ ಮೇಲಿನ ಆ ಮನೆ ಕೆಳಗಿನ ಬಡ ಬಡಾವಣೆಗೆ ಸದಾ ಕಾಣುವಂಥದ್ದು. ಬೇಸಗೆಯ ಧಗೆಯಲ್ಲಿ ಬೇಯುತ್ತಿದ್ದ ಒಬ್ಬ ಮನುಷ್ಯ ತನ್ನ ಕಿರುಕೋಣೆಯಿಂದ ಅದನ್ನು ನೋಡಿ ನೋಡಿ ದ್ವೇಷ ಬೆಳೆಸಿಕೊಂಡಿರುತ್ತಾನೆ. ಚಿತ್ರದ ಮೊದಲ ಭಾಗದಲ್ಲಿ ನೋಟ ಕೆಳಗಿನಿಂದ ಮೇಲಕ್ಕೆ. ಅದಕ್ಕೆ ಹೆದರಿ ಮನೆಯವರು ಪರದೆ ಎಳೆದು ಕೂರುತ್ತಾರೆ. ಹೊಗೆ ಎದ್ದಾಗ ಆ ದಿಕ್ಕು ತಿರುಗಿ, ಮೇಲಿನವರು ಕೆಳಗಿನವನನ್ನು ಕಂಡುಹಿಡಿಯುತ್ತಾರೆ. ಸ್ವರ್ಗ ಮತ್ತು ನರಕದ ನಡುವೆ ಎದ್ದ ಒಂದು ಎಳೆ ಹೊಗೆ ಎರಡನ್ನೂ ಜೋಡಿಸುತ್ತದೆ.

ಕುರೊಸಾವಾ ಅವರಿಗೆ ಈ ಆಲೋಚನೆ ಒಮ್ಮೆಲೇ ಹೊಳೆದದ್ದಲ್ಲ. ಹಿಂದಿನ ವರ್ಷ, 1962ರಲ್ಲಿ ಬಂದ ‘ಸಂಜುರೊ’ ಚಿತ್ರದಲ್ಲಿ ಕಮೀಲಿಯಾ ಹೂವುಗಳು ಸಂಕೇತವಾಗಿ ಬರುತ್ತವೆ. ಆ ಹೂವುಗಳಿಗೆ ಮಾತ್ರ ಕೆಂಪು ಬಣ್ಣ ಇರಬೇಕೆಂದು ಅವರು ಬಯಸಿದ್ದರು. ಆಗ ಅದು ಸಾಧ್ಯವಾಗಲಿಲ್ಲ. ಆ ಆಸೆ ಇಲ್ಲಿ ಹೊಗೆಯ ರೂಪದಲ್ಲಿ ಈಡೇರಿತು. ಅವರು ಪೂರ್ಣ ವರ್ಣಚಿತ್ರ ಮಾಡಿದ್ದು 1970ರಲ್ಲಿ, ‘ದೊದೆಸ್ಕಾದೆನ್’ ಮೂಲಕ. ಅಂದರೆ ಕುರೊಸಾವಾ ಅವರ ಚಿತ್ರಗಳಲ್ಲಿ ಬಣ್ಣ ಮೊದಲು ಬಂದದ್ದು ಒಂದು ಚಿಮಣಿಯಿಂದ.

ಇನ್ನು ನಿಮ್ಮ ಸ್ನೇಹಿತರ ಮನೆಯ ಬೂದು ಹೊಗೆಯ ವಿಷಯ. ಕಾರಣ ಎರಡರಲ್ಲಿ ಒಂದಿರಬಹುದು. ಮೊದಲನೆಯದು, ಅವರ ಬಳಿ ಇದ್ದ ನಕಲೇ ಅಂಥದ್ದಿರಬಹುದು. ಕಪ್ಪು-ಬಿಳುಪು ಫಿಲ್ಮಿನ ಮೇಲೆ ಪ್ರತಿ ತೆಗೆದರೆ ಆ ಒಂದು ಶಾಟಿನ ಬಣ್ಣವೂ ಬೂದಿಯ ಪಾಲಾಗುತ್ತದೆ. ಅಂಥ ಪ್ರತಿಯಿಂದ ಟೇಪಿಗೆ, ಟೇಪಿನಿಂದ ಡಿಸ್ಕಿಗೆ ಇಳಿದ ನಕಲಿನಲ್ಲಿ ಗುಲಾಬಿಯನ್ನು ಹುಡುಕಿ ಫಲವಿಲ್ಲ. ಎರಡನೆಯದು, ನನಗೆ ಹೆಚ್ಚು ಸಂಭವವೆನಿಸುವುದು, ಟಿವಿಯ ಹೊಂದಾಣಿಕೆ. ಹಳೆಯ ಚಿತ್ರ ನೋಡುವಾಗ ಪರದೆಯ ಮೇಲೆ ನಸುನೀಲಿಯೋ ಹಸಿರೋ ತೇಲಿದಂತೆ ಕಂಡರೆ, ‘ಹೇಗೂ ಕಪ್ಪು-ಬಿಳುಪು ಚಿತ್ರ ತಾನೆ’ ಎಂದು ರಿಮೋಟಿನಲ್ಲಿ ಬಣ್ಣದ ಪ್ರಮಾಣವನ್ನು ಸೊನ್ನೆಗೆ ಇಳಿಸುವ ಅಭ್ಯಾಸ ಹಲವರಿಗಿದೆ. ಪೂರ್ತಿ ಕಪ್ಪು-ಬಿಳುಪಾದ ಚಿತ್ರಕ್ಕೆ ಇದರಿಂದ ನಷ್ಟವಾಗಲಾರದು. ಈ ಚಿತ್ರದಲ್ಲಿ ಮಾತ್ರ ಆ ಒಂದು ಗುಂಡಿ ತನಿಖೆಯ ಪ್ರಮುಖ ಸಾಕ್ಷ್ಯವನ್ನೇ ಅಳಿಸಿಹಾಕುತ್ತದೆ.

ಬಣ್ಣದಷ್ಟೇ ಗಮನ ಕೊಡಬೇಕಾದದ್ದು ಚಿತ್ರದ ಅಗಲಕ್ಕೆ. ಇದನ್ನು ತೊಹೊಸ್ಕೋಪ್ ಎಂಬ ಅಗಲ ಪರದೆಯ ವಿಧಾನದಲ್ಲಿ ಚಿತ್ರಿಸಲಾಗಿದೆ; ಎತ್ತರ 1 ಇದ್ದರೆ ಅಗಲ 2.35. ಛಾಯಾಗ್ರಾಹಕರಾದ ಅಸಕಾಝು ನಕಾಯ್ ಮತ್ತು ತಕಾವೊ ಸೈತೊ ಈ ಅಗಲವನ್ನು ಪೂರ್ತಿ ಬಳಸಿದ್ದಾರೆ. ಹಜಾರದ ದೃಶ್ಯಗಳಲ್ಲಿ ಒಂದು ತುದಿಯಲ್ಲಿ ಗೊಂಡೊ, ನಡುವೆ ಪೊಲೀಸರು, ಇನ್ನೊಂದು ತುದಿಯಲ್ಲಿ ತಲೆ ತಗ್ಗಿಸಿ ನಿಂತ ಚಾಲಕ: ಯಾರು ಯಾರಿಂದ ಎಷ್ಟು ದೂರ ನಿಂತಿದ್ದಾರೆ ಎಂಬುದೇ ಅಲ್ಲಿನ ಮಾತು. ಇಂದಿನ ಮನೆಯ ಟಿವಿಗಳು 16:9 ಅಳತೆಯವು. ಅವುಗಳ ಮೇಲೆ ಈ ಚಿತ್ರ ಸರಿಯಾಗಿ ಮೂಡಿದಾಗ ಮೇಲೆ ಕೆಳಗೆ ಕಪ್ಪು ಪಟ್ಟಿಗಳಿರುತ್ತವೆ. ಪರದೆ ವ್ಯರ್ಥವಾಯಿತೆಂದು ಜೂಮ್ ಮಾಡಿದರೆ ಅಗಲದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಕತ್ತರಿಸಿ ಹೋಗುತ್ತದೆ. ಹಳೆಯ 4:3 ಟಿವಿಯ ಪರದೆ ತುಂಬುವಂತೆ ಕತ್ತರಿಸಿದರೆ ಶೇಕಡ 40ಕ್ಕಿಂತ ಹೆಚ್ಚು ನಷ್ಟ. ಆಗ ಮೊದಲು ಮಾಯವಾಗುವವನು ಆ ಚಾಲಕ. ಯಾರ ಮಗು ಕಳೆದಿದೆಯೋ ಅವನನ್ನೇ ಚಿತ್ರದಿಂದ ಹೊರಗೆ ಹಾಕಿದಂತೆ. ದಯವಿಟ್ಟು ಕಪ್ಪು ಪಟ್ಟಿಗಳನ್ನು ಇರಲು ಬಿಡಿ.

ಹಜಾರದ ನಿಶ್ಚಲತೆಯಿಂದ ಕಥೆ ಒಮ್ಮೆಲೇ ಕೊದಾಮಾ ಎಂಬ ವೇಗದ ರೈಲಿಗೆ ಜಿಗಿಯುತ್ತದೆ. ಅದರ ಕೈತೊಳೆಯುವ ಕೋಣೆಯ ಕಿಟಕಿ ತೆರೆಯುವುದು 7 ಸೆಂಟಿಮೀಟರ್ ಮಾತ್ರ. ಚೀಲದ ಅಳತೆಯ ಗುಟ್ಟು ಅಲ್ಲಿ ಬಯಲಾಗುತ್ತದೆ. ಓಡುವ ನಿಜವಾದ ರೈಲಿನಲ್ಲೇ ಹಲವು ಕ್ಯಾಮೆರಾಗಳನ್ನಿಟ್ಟು ತೆಗೆದ ದೃಶ್ಯಗಳಿವು. ಇಲ್ಲಿ ಒಳ್ಳೆಯ ಡಿಸ್ಕಿನ ಬೆಲೆ ಕಿವಿಗೆ ತಿಳಿಯುತ್ತದೆ: ಕ್ರೈಟೀರಿಯನ್ ಸಂಸ್ಥೆಯ ಬ್ಲೂ-ರೇಯಲ್ಲಿ ನಾಲ್ಕು ಚಾನೆಲ್ಲಿನ ಧ್ವನಿಯನ್ನು ಉಳಿಸಿಕೊಳ್ಳಲಾಗಿದೆ, ಹಳಿಗಳ ಸದ್ದು ಕೋಣೆಯ ಅಗಲಕ್ಕೂ ಹಬ್ಬುತ್ತದೆ.

ಯಾವ ಡಿಸ್ಕ್ ಕೊಳ್ಳಬೇಕೆಂದು ಇದೇ ಪ್ರಶ್ನೆಯ ಬೆನ್ನಿಗೆ ಕೇಳುವವರು ಬಹಳ. ಕ್ರೈಟೀರಿಯನ್ ಈ ಚಿತ್ರವನ್ನು 1998ರಲ್ಲಿ ಡಿವಿಡಿಯಾಗಿ, 2008ರಲ್ಲಿ ಎರಡು ಡಿಸ್ಕುಗಳ ಹೊಸ ಡಿವಿಡಿಯಾಗಿ, 2011ರಲ್ಲಿ ಬ್ಲೂ-ರೇಯಾಗಿ ಹೊರತಂದಿತು. 1998ರದ್ದು ಹಳೆಯ ಟಿವಿಗೆ ತಕ್ಕಂತೆ ಮಾಡಿದ್ದರಿಂದ ಇಂದಿನ ಟಿವಿಯಲ್ಲಿ ನಾಲ್ಕೂ ಕಡೆ ಕಪ್ಪು ಚೌಕಟ್ಟಿನೊಳಗೆ ಸಣ್ಣ ಚಿತ್ರವಾಗಿ ಕಾಣುತ್ತದೆ. ಅಗ್ಗಕ್ಕೆ ಸಿಕ್ಕಿದರೂ ಬೇಡ. 2008 ಮತ್ತು 2011ರ ಆವೃತ್ತಿಗಳಲ್ಲಿ ವಿದ್ವಾಂಸ ಸ್ಟೀಫನ್ ಪ್ರಿನ್ಸ್ ಅವರ ವ್ಯಾಖ್ಯಾನ, ಚಿತ್ರೀಕರಣದ ಬಗ್ಗೆ ಜಪಾನಿನಲ್ಲಿ ತಯಾರಾದ ಸಾಕ್ಷ್ಯಚಿತ್ರ, ಮಿಫುನೆ ಅವರ ಅಪರೂಪದ ಟಿವಿ ಸಂದರ್ಶನ ಮತ್ತು ಚಿತ್ರದಲ್ಲಿ ನಟಿಸಿದ ತ್ಸುತೊಮು ಯಮಝಾಕಿ ಅವರ ಸಂದರ್ಶನ ಇವೆ. ಯಮಝಾಕಿ ಅವರ ಮಾತುಗಳನ್ನು ಚಿತ್ರ ಮುಗಿದ ಮೇಲೆಯೇ ಕೇಳಿ.

ಕೊಳ್ಳುವ ಮುನ್ನ ಒಂದು ಎಚ್ಚರಿಕೆ. ಡಿಸ್ಕುಗಳಿಗೆ ರೀಜನ್ ಕೋಡ್ ಎಂಬ ಬೀಗವಿದೆ. ಬ್ಲೂ-ರೇಗೆ ಅಮೆರಿಕ ಮತ್ತು ಜಪಾನ್ ‘ಎ’ ವಲಯ, ಯುರೋಪ್ ‘ಬಿ’ ವಲಯ, ಭಾರತ ‘ಸಿ’ ವಲಯ. ಡಿವಿಡಿಯಲ್ಲಿ ಅಮೆರಿಕ 1, ಭಾರತ 5. ಕ್ರೈಟೀರಿಯನ್ನಿನ ಅಮೆರಿಕದ ಬ್ಲೂ-ರೇ ‘ಎ’ ವಲಯದ್ದು. ಹೀಗಾಗಿ ಅಮೆರಿಕದಲ್ಲಿರುವ ಮಕ್ಕಳು ಊರಿಗೆ ಬರುವಾಗ ಪ್ರೀತಿಯಿಂದ ತಂದ ಡಿಸ್ಕ್ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೊಂಡ ಪ್ಲೇಯರಿನಲ್ಲಿ ಓಡದೆ ನಿಲ್ಲುತ್ತದೆ. ಡಿಸ್ಕ್ ಕೆಟ್ಟಿದೆಯೆಂದು ಎಸೆಯಬೇಡಿ. ಎಲ್ಲ ವಲಯಗಳನ್ನೂ ಓದುವ ಪ್ಲೇಯರಿನಲ್ಲಿ ಹಾಕಿ ನೋಡಿ. 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕುಗಳಿಗೆ ಈ ಬೀಗವಿಲ್ಲ, ಆದರೆ ಅವಕ್ಕೆ 4ಕೆ ಪ್ಲೇಯರೇ ಬೇಕು.

ಇದೇ ಕಥೆಯನ್ನು ಹಿಂದಿಯಲ್ಲಿ ನೋಡಿದ ನೆನಪು ಕೆಲವರಿಗಿರಬಹುದು. ರಾಜ್ ಎನ್. ಸಿಪ್ಪಿ ನಿರ್ದೇಶನದ 1977ರ ‘ಇನ್ಕಾರ್’ ಇದನ್ನೇ ಆಧರಿಸಿದ್ದು. ವಿನೋದ್ ಖನ್ನಾ ಪೊಲೀಸ್ ಅಧಿಕಾರಿಯಾಗಿ, ಶ್ರೀರಾಮ್ ಲಾಗೂ ಪಾದರಕ್ಷೆ ಕಂಪನಿಯ ಒಡೆಯರಾಗಿ ಅದರಲ್ಲಿದ್ದಾರೆ. 2025ರಲ್ಲಿ ಸ್ಪೈಕ್ ಲೀ ಅವರು ಡೆಂಜೆಲ್ ವಾಷಿಂಗ್ಟನ್ ಜೊತೆ ಮಾಡಿದ ‘ಹೈಯೆಸ್ಟ್ ಟು ಲೋವೆಸ್ಟ್’ ಕಥೆಯನ್ನು ನ್ಯೂಯಾರ್ಕಿಗೆ ಒಯ್ದಿತು. ಎರಡೂ ಪೂರ್ತಿ ವರ್ಣಚಿತ್ರಗಳಾದ್ದರಿಂದ, ಬೂದು ಲೋಕದಲ್ಲಿ ಒಂದೇ ಬಣ್ಣ ಏಳುವ ಆ ಅನುಭವ ಅಲ್ಲಿ ಸಿಗುವಂತಿಲ್ಲ.

ಕೊನೆಯದಾಗಿ, ನಿಮ್ಮ ಸ್ನೇಹಿತರಿಗೆ ಒಂದು ಮಾತು ತಿಳಿಸಿ. ಹೊಗೆ ಏಳುವವರೆಗೆ ಈ ಚಿತ್ರದಲ್ಲಿ ಎಲ್ಲೂ ಬಣ್ಣವಿಲ್ಲದ ಕಾರಣ, ಟಿವಿಯ ಹೊಂದಾಣಿಕೆ ತಪ್ಪಿದೆಯೆಂದು ಚಿತ್ರ ನೋಡುತ್ತಾ ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ಆ ಕೆಲವು ಸೆಕೆಂಡುಗಳು ಕಳೆದುಹೋಗಿರುತ್ತವೆ, ಮೊದಲ ಸಲ ಕಾಣುವ ಬೆರಗು ಎರಡನೆಯ ಸಲಕ್ಕೆ ಉಳಿಯುವುದಿಲ್ಲ. ಡಿಸ್ಕ್ ಹಾಕುವ ಮುನ್ನವೇ ಯಾವುದಾದರೂ ವರ್ಣಚಿತ್ರವನ್ನು ಒಂದು ನಿಮಿಷ ಓಡಿಸಿ, ಮನುಷ್ಯರ ಮೈಬಣ್ಣ ಸಹಜವಾಗಿ ಕಾಣುತ್ತಿದೆಯೇ ಎಂದು ನೋಡಿಕೊಳ್ಳಲಿ. ಆಮೇಲೆ ರಿಮೋಟನ್ನು ಪಕ್ಕಕ್ಕಿಟ್ಟು ಚಿತ್ರ ಆರಂಭಿಸಲಿ.