ಫೀಡರ್ ಕರುವಿನ ಲೆಕ್ಕ: ತೂಕ ಏರಿದಂತೆ ದರ ಇಳಿಯುವುದೇಕೆ?

ಅಮೆರಿಕದ ಮಾಂಸದ ದನಗಳ ಮಾರುಕಟ್ಟೆ ಓದುವವರು ಸಾಮಾನ್ಯವಾಗಿ ತೊಡರಿಕೊಳ್ಳುವುದು ಒಂದೇ ಜಾಗದಲ್ಲಿ: 500 ಪೌಂಡಿನ ಫೀಡರ್ ಕರುವಿಗೆ (ಕೊಬ್ಬಿಸಲೆಂದು ಮಾರುವ ಕರು) ಪೌಂಡಿಗೆ ಸಿಗುವ ದರ 600 ಪೌಂಡ್ ಕರುವಿಗೆ ಸಿಗುವುದಿಲ್ಲ. ಇದೊಂದು ತಲೆಗೆ ಹತ್ತಿದರೆ ಉಳಿದದ್ದು ಸಲೀಸು.

ಮೊದಲು ಸರಪಳಿ ನೋಡಿಬಿಡೋಣ. ಹಸು ಸಾಕಿ ಕರು ಹಾಕಿಸುವ ರೈತ ಬೇರೆ, ಕೊಬ್ಬಿಸುವವನು ಬೇರೆ. ಹೆಚ್ಚಿನ ಕರುಗಳು ವಸಂತದಲ್ಲಿ ಹುಟ್ಟಿ, ತಾಯಿಯ ಜೊತೆ ಹುಲ್ಲುಗಾವಲಲ್ಲೇ ಬೆಳೆಯುತ್ತವೆ. 6–8 ತಿಂಗಳಿಗೆ ಹಾಲು ಬಿಡಿಸುವ ಹೊತ್ತಿಗೆ 450–600 ಪೌಂಡ್, ಅಂದರೆ ಸುಮಾರು 200–270 ಕೆ.ಜಿ. ತೂಗುತ್ತವೆ. ಕೆಲವು ಒಕ್ಲಹೋಮ, ಕಾನ್ಸಸ್ ಕಡೆಯ ಚಳಿಗಾಲದ ಗೋಧಿ ಹೊಲಗಳಲ್ಲಿ ಮೇದು ಇನ್ನಷ್ಟು ತೂಕ ಕಟ್ಟುತ್ತವೆ. ಕೊನೆಗೆ ಹೆಚ್ಚಿನವು ಸೇರುವುದು, ದನಗಳನ್ನು ಕೂಡಿಹಾಕಿ ಕೊಬ್ಬಿಸುವ ಟೆಕ್ಸಾಸ್, ಕಾನ್ಸಸ್, ನೆಬ್ರಾಸ್ಕಾದ ಫೀಡ್‌ಲಾಟ್‌ಗಳಿಗೆ. ಅಲ್ಲಿನ ಮುಖ್ಯ ಮೇವು ಮುಸುಕಿನ ಜೋಳ.

ಈಗ ಲೆಕ್ಕ. ಅಂಕಿಗಳು ಉದಾಹರಣೆಗಷ್ಟೇ. 500 ಪೌಂಡಿನ ಹೋರಿಗರುವಿಗೆ ಪೌಂಡಿಗೆ 3 ಡಾಲರ್ ಎಂದರೆ 1,500 ಡಾಲರ್. ಅದೇ ಕರು 600 ಪೌಂಡ್ ಆದಾಗ ದರ 2.75ಕ್ಕೆ ಇಳಿದರೆ 1,650. ಹೆಚ್ಚುವರಿ 100 ಪೌಂಡಿನಿಂದ ಬಂದದ್ದು 150 ಡಾಲರ್ ಮಾತ್ರ, ಪೌಂಡಿಗೆ ಒಂದೂವರೆ. ರೈತ ನೋಡಬೇಕಾದದ್ದು 2.75 ಅಲ್ಲ, ಈ ಒಂದೂವರೆಯನ್ನು. ಆ 100 ಪೌಂಡ್ ಕಟ್ಟಿಸಲು ಮೇವು, ಔಷಧಿ, ಕೂಲಿ ಸೇರಿ ಪೌಂಡಿಗೆ 1.10 ಖರ್ಚಾದರೆ ಇಟ್ಟುಕೊಳ್ಳಬಹುದು. 1.70 ಆದರೆ ಇವತ್ತೇ ಮಾರುವುದು ವಾಸಿ.

ದರ ಇಳಿಯುವುದಕ್ಕೆ ಕಾರಣ ಕೊಳ್ಳುವವನ ಕಡೆ ಇದೆ. ಪೌಂಡ್ ತೂಕ ಕಟ್ಟಿಸುವ ಖರ್ಚು ಕೊಂಡ ದರಕ್ಕಿಂತ ಕಡಿಮೆ ಇರುವಷ್ಟು ಕಾಲ, ಇನ್ನೂ ಬೆಳೆಯಬೇಕಾದ ಹಗುರ ಕರುವಿನ ಮೇಲೆ ಅವನು ಹೆಚ್ಚು ಹಾಕಬಲ್ಲ. ಮುಸುಕಿನ ಜೋಳ ತುಟ್ಟಿಯಾದರೆ ಈ ಅನುಕೂಲ ಕರಗುತ್ತದೆ: ಕರುಗಳ ದರವೇ ಬೀಳುತ್ತದೆ, ಹಗುರ ಕರುವಿಗೆ ಪೆಟ್ಟು ಜಾಸ್ತಿ. ಜೋಳದ ದರಕ್ಕೂ ಕರುವಿನ ದರಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ನೆನಪಿಟ್ಟರೆ ಸಾಕು.

ಹರಾಜಿನ ಕಟ್ಟೆಯಲ್ಲಿ ದರ ಕಡಿಯುವ ಸಂಗತಿಗಳು ಇನ್ನೂ ಇವೆ. ಬೀಜ ಒಡೆಯದ ಹೋರಿ, ಕೊಂಬು ಬಿಟ್ಟ ಕರು, ಗುಂಪಿಗೆ ಹೊಂದದ ಒಂಟಿ ಕರು, ಇವಕ್ಕೆಲ್ಲ ಕಡಿತ. ಹಾಲು ಬಿಡಿಸಿ 45 ದಿನ ಮನೆಯಲ್ಲೇ ಇಟ್ಟು, ಶ್ವಾಸಕೋಶದ ರೋಗಗಳಿಗೆ ಲಸಿಕೆ ಹಾಕಿಸಿ, ಬಾನಿಯಲ್ಲಿ ತಿನ್ನುವುದನ್ನು ರೂಢಿ ಮಾಡಿಸಿದ ಕರುವಿಗೆ ಸಾಮಾನ್ಯವಾಗಿ ಹೆಚ್ಚುವರಿ ದರ. ತಾಯಿಯಿಂದ ನಿನ್ನೆ ಬೇರ್ಪಟ್ಟು ಇವತ್ತು ಲಾರಿ ಹತ್ತಿದ ಕರು ಫೀಡ್‌ಲಾಟ್‌ನಲ್ಲಿ ಕಾಯಿಲೆ ಬೀಳುವುದು ಹೆಚ್ಚು. ಅಲ್ಲಿನವರಿಗೆ ಅದು ಚೆನ್ನಾಗಿ ಗೊತ್ತು.

ಪ್ರಯಾಣದಲ್ಲಿ ಸಗಣಿ, ಗಂಜಲ, ಬಾಯಾರಿಕೆಯಿಂದ ತೂಕವೂ ಇಳಿಯುತ್ತದೆ. 3% ಎಂದರೆ 500 ಪೌಂಡಿನ ಕರುವಿನಲ್ಲಿ 15 ಪೌಂಡ್, ಮೇಲಿನ ದರದಲ್ಲಿ 45 ಡಾಲರ್. ಹೊಲದ ಬಾಗಿಲಲ್ಲೇ ಮಾರುವಾಗಲೂ ಖರೀದಿದಾರ ಕಾಗದದ ಮೇಲೆ ಇಂಥದೊಂದು ಶೇಕಡಾವಾರು ಮುರಿದುಕೊಳ್ಳುತ್ತಾನೆ. ನಮ್ಮ ಜಾತ್ರೆಗಳಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಇಡೀ ದನಕ್ಕೆ ಬೆಲೆ ಕುದುರಿಸುತ್ತಾರೆ. ಅಲ್ಲಿ ಜಗ್ಗಾಟವೆಲ್ಲ ತಕ್ಕಡಿಯ ಸುತ್ತ.

ಮಾರುವ ಜಾಗಗಳಲ್ಲಿ ಹೆಸರುವಾಸಿ 1910ರಿಂದ ನಡೆಯುತ್ತಿರುವ ಒಕ್ಲಹೋಮ ನ್ಯಾಷನಲ್ ಸ್ಟಾಕ್‌ಯಾರ್ಡ್ಸ್. ಒಂದೇ ಬಗೆಯ ಕರು ಲಾರಿ ತುಂಬ ಇದ್ದವರಿಗೆ ವಿಡಿಯೊ ಹರಾಜೂ ಉಂಟು.

ದರ ಕುಸಿತದ ಭಯಕ್ಕೆ ಷಿಕಾಗೊ ಸರಕು ವಿನಿಮಯ ಕೇಂದ್ರದಲ್ಲಿ ಫ್ಯೂಚರ್ಸ್, ಅಂದರೆ ಮುಂದಿನ ತಿಂಗಳುಗಳ ದರವನ್ನು ಈಗಲೇ ಗೊತ್ತು ಮಾಡಿಕೊಳ್ಳುವ ಒಪ್ಪಂದ, ಇದೆ. ಆದರೆ ಒಂದು ಒಪ್ಪಂದ 50,000 ಪೌಂಡಿನದು, ಹೆಚ್ಚುಕಡಿಮೆ ಒಂದು ಲಾರಿ ಲೋಡು. ಇಪ್ಪತ್ತು ಕರು ಇರುವವನಿಗೆ ಅದು ಅತಿಯಾಯಿತು. ಅಂಥವರು ಎಲ್‌ಆರ್‌ಪಿ ಎಂಬ ದರ ವಿಮೆ ಮಾಡಿಸುತ್ತಾರೆ. ಒಂದೇ ಕರುವಿಗೂ ಮಾಡಿಸಬಹುದು, ಪ್ರೀಮಿಯಂನ ಒಂದು ಪಾಲನ್ನು ಅಮೆರಿಕದ ಕೇಂದ್ರ ಸರ್ಕಾರ ಕಟ್ಟುತ್ತದೆ. ಪರಿಹಾರ ಮಾತ್ರ ಮಾರುಕಟ್ಟೆಯ ಸೂಚ್ಯಂಕ ಬಿದ್ದರೆ ಸಿಗುತ್ತದೆಯೇ ಹೊರತು ಕರು ಸತ್ತರೆ ಅಲ್ಲ.