ಕೊಡಗಿನ ಹಾಕಿಗೆ ದುಡ್ಡು ಕೊಡೋರು ಯಾರು?

ಕೊಡಗಿನಲ್ಲಿ ಹಾಕಿ ನೋಡಲು ಜನ ಬರುತ್ತಾರೆ. ಆದರೆ ಆಟಗಾರನ ಸಂಬಳ ಆ ಜನರಿಂದ ಹುಟ್ಟಿದ್ದಲ್ಲ. ಅದನ್ನು ಕೊಟ್ಟಿದ್ದು ಸೇನೆ, ರೈಲ್ವೆ, ಬ್ಯಾಂಕು, ಪೆಟ್ರೋಲ್ ಕಂಪನಿಗಳು. 1972ರಲ್ಲಿ ಮ್ಯೂನಿಕ್‌ನಲ್ಲಿ ಒಲಿಂಪಿಕ್ಸ್ ಕಂಚು ಗೆದ್ದ ಭಾರತ ತಂಡದ ಎಂ.ಪಿ. ಗಣೇಶ್ ಸೇನೆಯಿಂದ ಬಂದವರು. 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ ಭಾರತ್ ಪೆಟ್ರೋಲಿಯಂನಲ್ಲಿ ಕೆಲಸ ಮಾಡಿದವರು.

ಲೆಕ್ಕ ಸರಳವಾಗಿತ್ತು. ಸಂಸ್ಥೆಗೆ ಟೂರ್ನಿ ಗೆಲ್ಲುವ ತಂಡ ಬೇಕು, ಹುಡುಗನಿಗೆ ಕಾಯಂ ಕೆಲಸ ಬೇಕು. ಕ್ರೀಡಾ ಕೋಟಾದಲ್ಲಿ ಸೇರಿದರೆ ಆಡುವಷ್ಟು ದಿನ ಆಟ, ಆಮೇಲೆ ಮಾಮೂಲಿ ಆಫೀಸು. ಮಗ ಸ್ಟಿಕ್ ಹಿಡಿದರೆ ಮನೆಯವರು ಬೇಡ ಅನ್ನದಿರಲು ಇದೂ ಒಂದು ಕಾರಣ.

ಆಟ ದುಬಾರಿಯಾಗಿದ್ದು ಟರ್ಫ್, ಅಂದರೆ ಕೃತಕ ಹಾಸು, ಬಂದ ಮೇಲೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಮೊದಲ ಬಾರಿ ಕೃತಕ ಹಾಸಿನ ಮೇಲೆ ನಡೆಯಿತು. ಭಾರತ 7ನೇ ಸ್ಥಾನಕ್ಕೆ ಇಳಿಯಿತು. ಹುಲ್ಲಿನ ಮೈದಾನವನ್ನು ಊರವರೇ ಸೇರಿ ಸಮ ಮಾಡಿಕೊಳ್ಳಬಹುದು. ಟರ್ಫ್ ಹಾಸಲು ಕೋಟಿಗಟ್ಟಲೆ ಬೇಕು, ಅಂದರೆ ಸರ್ಕಾರವೇ ಬೇಕು.

ಊರವರು ತಮ್ಮ ಕೈಲಾದ ದಾರಿಯನ್ನೂ ಹುಡುಕಿಕೊಂಡರು. ಪಾಂಡಂಡ ಕುಟ್ಟಪ್ಪ ಅವರ ಮುಂದಾಳತ್ವದಲ್ಲಿ 1997ರಲ್ಲಿ ಕರಡದಲ್ಲಿ ಕೊಡವ ಕೌಟುಂಬಿಕ ಹಾಕಿ ಶುರುವಾಯಿತು. ಆಗ ಆಡಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ ಬಂದಿದ್ದು 360! ವರ್ಷಕ್ಕೊಂದು ಕುಟುಂಬ ಹೊಣೆ ಹೊರುತ್ತದೆ, ಕಪ್‌ಗೆ ಆ ಮನೆತನದ ಹೆಸರೇ. ಖರ್ಚಿಗೆ ಕುಟುಂಬದ ವಂತಿಗೆ, ದಾನಿಗಳು, ಜೊತೆಗೆ ಸರ್ಕಾರದ ಅನುದಾನ. ತಾತ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುವ ಟೂರ್ನಿ ಬೇರೆಲ್ಲಿದೆ ಹೇಳಿ? ಆದರೆ ಇದು ಹಬ್ಬ. ಇದರಿಂದ ಯಾರಿಗೂ ತಿಂಗಳ ಸಂಬಳ ಬರುವುದಿಲ್ಲ.

ಹರಾಜಿನ ದುಡ್ಡು ಬಂದಿದ್ದು 2013ರಲ್ಲಿ, ಹಾಕಿ ಇಂಡಿಯಾ ಲೀಗ್ ಜೊತೆ. ಕೊಡಗಿನ ವಿ.ಆರ್. ರಘುನಾಥ್ ಅವರನ್ನು ಉತ್ತರ ಪ್ರದೇಶದ ತಂಡ 76,000 ಡಾಲರ್‌ಗೆ ಕೊಂಡಿತು. ಹಾಕಿ ಆಡಿ ಇಷ್ಟು ದುಡ್ಡಾ ಅನ್ನಿಸುವ ಮೊತ್ತ ಅದು. ಆದರೆ 2017ರ ನಂತರ ಲೀಗ್ ನಿಂತಿತು. ಮತ್ತೆ ಶುರುವಾಗಿದ್ದು 2024ರ ಡಿಸೆಂಬರ್‌ನಲ್ಲಿ. ಏಳು ವರ್ಷ ಅಂದರೆ ಒಬ್ಬ ಆಟಗಾರನ ಒಳ್ಳೆಯ ಕಾಲವೆಲ್ಲ ಅಷ್ಟರಲ್ಲೇ ಮುಗಿಯುತ್ತದೆ. ಇಂಥದ್ದನ್ನು ನಂಬಿ ಯಾವ ಅಪ್ಪ ಮಗನಿಗೆ ಬ್ಯಾಂಕ್ ಪರೀಕ್ಷೆ ಬಿಡು ಅಂತಾನೆ?

ಕಾಲೇಜಿನ ಕಥೆ ಚಿಕ್ಕದು. ಅಮೆರಿಕದಲ್ಲಿ 2025ರಿಂದ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಅಲ್ಲಿನ ಕಾಲೇಜು ಫುಟ್‌ಬಾಲ್‌ಗೆ ಟಿವಿ ದುಡ್ಡಿದೆ. ನಮ್ಮ ಅಂತರ ಕಾಲೇಜು ಹಾಕಿಗೆ ಅದಿಲ್ಲ. ಇಲ್ಲಿ ಸಿಗುವುದು ಹಾಜರಾತಿಯಲ್ಲಿ ರಿಯಾಯಿತಿ, ಸೀಟು, ಒಂದು ಸರ್ಟಿಫಿಕೇಟ್. ಆ ಸರ್ಟಿಫಿಕೇಟೇನೂ ಸುಮ್ನೆ ಅಲ್ಲ, ಕೋಟಾ ಅರ್ಜಿಗೆ ಬೇಕಾಗುವುದು ಅದೇ.

ಇನ್ನೊಂದು ಮಾತು. ಲೀಗ್ ಮರಳಿ ಬಂದಾಗ ಪುರುಷರ ಎಂಟು ತಂಡಗಳಿದ್ದವು. ಹೈದರಾಬಾದ್‌ಗೆ ಒಂದು, ತಮಿಳುನಾಡಿಗೆ ಒಂದು. ಕರ್ನಾಟಕದ ಹೆಸರಲ್ಲಿ ಒಂದೂ ಇರಲಿಲ್ಲ.