ಕಿರಿಯ ಖಲಾಸಿಯ ಮಾತಿಗೆ ಕೋರ್ಟಿನಲ್ಲಿ ಎಷ್ಟು ತೂಕ?

ಹಡಗಿನ ಕೇಸು ಕೈಗೆ ಬಂದಾಗ ನಾನು ಮೊದಲು ಕೇಳುವುದು, ಆ ಹಡಗಿನಲ್ಲಿ ಎಲ್ಲರಿಗಿಂತ ಕಿರಿಯವನು ಯಾರು ಅಂತ. ಡೆಕ್ ಕೆಡೆಟ್ (ಅಧಿಕಾರಿಯಾಗಲು ತರಬೇತಿ ಪಡೆಯುತ್ತಿರುವ ಹುಡುಗ) ಇರಬಹುದು, ಮೊದಲ ಸಲ ಹಡಗು ಹತ್ತಿದ ಖಲಾಸಿ ಇರಬಹುದು. ಹ್ಯಾಚ್, ಅಂದರೆ ಸರಕಿನ ಗೋದಾಮಿನ ಬಾಯಿ, ಮುಚ್ಚಿದ್ದು ಅವನು, ಹಗ್ಗ ಕಟ್ಟಿದ್ದು ಅವನು, ನಡುರಾತ್ರಿ ವಾಚ್‌ಗೆ ನಿಂತಿದ್ದೂ ಅವನೇ. ಹಡಗಿನ ದಿನಚರಿಯಾದ ಲಾಗ್ ಬುಕ್ ಬರೆಯುವವರು ಮಾತ್ರ ಮೇಲಿನವರು. ಆ ಬರಹಕ್ಕೂ ಈ ಹುಡುಗನ ಮಾತಿಗೂ ತಾಳೆ ಬೀಳದಿದ್ದರೆ ಯಾರನ್ನು ನಂಬಬೇಕು?

ಇದು ಹಳೇ ಪ್ರಶ್ನೆ. 17ನೇ ಶತಮಾನದ ಲಂಡನ್ನಿನಲ್ಲಿ ಹೈಕೋರ್ಟ್ ಆಫ್ ಅಡ್ಮಿರಾಲ್ಟಿ ಅಂತ ಸಮುದ್ರದ ವ್ಯಾಜ್ಯಗಳಿಗೇ ಒಂದು ಕೋರ್ಟು ಇತ್ತು. ಅಲ್ಲಿ ಬರೆದುಕೊಂಡ ನಾವಿಕರ ಹೇಳಿಕೆಗಳು ಈಗಲೂ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ನಮ್ಮ ಕಸುಬಿಗೆ ಬರುವ ಜೂನಿಯರ್‌ಗಳಿಗೆ ನಾನು ಇವನ್ನು ಓದಿ ಅಂತ ಹೇಳುತ್ತಲೇ ಇರುತ್ತೇನೆ. ಸಾಕ್ಷಿ ಬರೆದುಕೊಳ್ಳುವುದು ಹೇಗೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಪಾಠ ನಾನು ಕಂಡಿಲ್ಲ.

ಸಂಬಳ, ಸರಕು, ಬಾಡಿಗೆಯಂಥ ಹಣದ ಕೇಸುಗಳಲ್ಲಿ ಅಲ್ಲಿ ಜ್ಯೂರಿ, ಅಂದರೆ ತೀರ್ಪು ಹೇಳುವ ಸಾಮಾನ್ಯ ಜನರ ಮಂಡಳಿ, ಇರಲಿಲ್ಲ. ಅದು ರೋಮನ್ ಕಾನೂನಿನ ದಾರಿ ಹಿಡಿದ ಕೋರ್ಟು. ದಾವೆ ಹಾಕಿದವನು ತನ್ನ ಅಹವಾಲನ್ನು ಒಂದೊಂದೇ ಅಂಶವಾಗಿ ಬರೆದು ಕೊಡಬೇಕು, ಎದುರು ಪಕ್ಷದವರು ತಮ್ಮ ಪ್ರಶ್ನೆಗಳನ್ನೂ ಮೊದಲೇ ಬರೆದು ಕೊಡಬೇಕು. ಆಮೇಲೆ ನಾವಿಕನಿಂದ ಪ್ರಮಾಣ ಮಾಡಿಸಿ, ಬೇರೆಯಾಗಿ ಕೂರಿಸಿಕೊಂಡು, ಒಬ್ಬ ಅಧಿಕಾರಿ ಅಂಶ ಅಂಶವಾಗಿ ಕೇಳುತ್ತಾ ಬರೆದುಕೊಳ್ಳುತ್ತಿದ್ದ. ವಕೀಲರು ಎದುರಿಗಿಲ್ಲ, ಹಡಗಿನ ಮಾಲೀಕ ಇಲ್ಲ, ಕ್ಯಾಪ್ಟನ್ ಇಲ್ಲ. ಸಮುದ್ರದ ಮೇಲೆ ಕ್ಯಾಪ್ಟನ್ ಕೈಯಲ್ಲಿ ಏಟು ತಿಂದ ಹುಡುಗನಿಗೆ ಅವನ ಮುಖ ನೋಡದೆ ಮಾತಾಡುವ ಅವಕಾಶ ಸಿಗುತ್ತಿತ್ತು. ಅದು ಸಣ್ಣ ವಿಷಯ ಅಲ್ಲ.

ಹೇಳಿಕೆ ಶುರುವಾಗುವುದು ಊರು, ಕಸುಬು, ವಯಸ್ಸಿನಿಂದ. ವಾಪಿಂಗ್‌ನ ನಾವಿಕ, 19 ವರ್ಷ ಅಥವಾ ಅದರ ಆಸುಪಾಸು, ಹೀಗೆ. ವಾಪಿಂಗ್, ರ‍್ಯಾಟ್‌ಕ್ಲಿಫ್, ಲೈಮ್‌ಹೌಸ್ ಎಲ್ಲ ಥೇಮ್ಸ್ ದಂಡೆಯ ನಾವಿಕರ ಕೇರಿಗಳು. ತಲೆಬರಹ ಲ್ಯಾಟಿನ್ನಿನಲ್ಲಿ, ಉತ್ತರಗಳು ಇಂಗ್ಲಿಷಿನಲ್ಲಿ. ಹುಡುಗ ‘ನಾನು’ ಅಂದದ್ದನ್ನೆಲ್ಲ ಬರೆಯುವವನು ‘ಈ ಸಾಕ್ಷಿದಾರ’ ಅಂತ ಮಾಡುತ್ತಾನೆ. ಕೊನೆಯಲ್ಲಿ ಸಹಿ, ಬರೆಯಲು ಬಾರದಿದ್ದರೆ ಒಂದು ಗುರುತು. ಲಂಗರಿನ ಚಿತ್ರ ಬಿಡಿಸಿದವರೂ ಇದ್ದಾರೆ.

ಎದುರು ಪಕ್ಷದ ಪ್ರಶ್ನೆಗಳು ಚುಚ್ಚುವಂಥವು. ಸಾಲ ಕಳೆದು ನಿನ್ನ ಹತ್ತಿರ ಎಷ್ಟು ಆಸ್ತಿ ಇದೆ? ಈ ಕೇಸಿನಲ್ಲಿ ಯಾರು ಗೆಲ್ಲಬೇಕು ಅಂತ ನಿನಗಿದೆ? ಗೆದ್ದರೆ ನಿನಗೇನು ಸಿಗುತ್ತದೆ? ಹೀಗೇ ಹೇಳು ಅಂತ ಯಾರಾದರೂ ಹೇಳಿಕೊಟ್ಟಿದ್ದಾರಾ? ಬಡವನಾದರೆ ದುಡ್ಡಿಗೆ ಸಾಕ್ಷಿ ಹೇಳುತ್ತಾನೆ ಎಂಬ ಗುಮಾನಿ ಇದರ ಹಿಂದಿತ್ತು. ದುಡಿದು ತಿನ್ನುವವನು ನಾನು ಅಂತ ನಾವಿಕರು ನೇರವಾಗಿ ಉತ್ತರಿಸುತ್ತಿದ್ದರು.

ಆದರೆ ನನಗೆ ಇಷ್ಟವಾಗುವ ಭಾಗ ಬೇರೆ. ಒಂದು ಸಂಗತಿ ಹೇಳಿದ ಕೂಡಲೇ ಅದು ತನಗೆ ಹೇಗೆ ಗೊತ್ತು ಅಂತಲೂ ಸಾಕ್ಷಿದಾರ ಹೇಳಬೇಕಿತ್ತು. ಸಕ್ಕರೆ ನೆನೆದು ಹಾಳಾಗಿದೆ ಅಂತಿಟ್ಟುಕೊಳ್ಳಿ. ಬಿರುಗಾಳಿಗೆ ನೀರು ನುಗ್ಗಿದ್ದರೆ ಅದು ಸಮುದ್ರದ ತಪ್ಪು, ನಾವಿಕರದಲ್ಲ. ಸರಿಯಾಗಿ ಜೋಡಿಸದೆ, ಹ್ಯಾಚ್ ಸರಿಯಾಗಿ ಮುಚ್ಚದೆ ಹಾಳಾಗಿದ್ದರೆ ನಾವಿಕರ ಸಂಬಳದಿಂದಲೇ ಮುರಿದುಕೊಳ್ಳುತ್ತಿದ್ದರು. ಹಾಗಾಗಿ, ಆ ರಾತ್ರಿ ಪಂಪ್ ಹತ್ತಿರ ಇದ್ದವನು ನಾನೇ, ನೀರು ಇಷ್ಟು ಬಂದಿತ್ತು, ಆದರೆ ಹಡಗಿನ ಹಿಂಭಾಗದ ಗೋದಾಮಿಗೆ ನಾನು ಇಳಿದಿಲ್ಲ, ಅಲ್ಲಿಯದು ಗೊತ್ತಿಲ್ಲ ಅನ್ನುವ ಹುಡುಗನ ಮಾತಿಗೆ ಎಲ್ಲ ಗೊತ್ತು ಅನ್ನುವ ಹಿರಿಯನ ಮಾತಿಗಿಂತ ಜಾಸ್ತಿ ಬೆಲೆ. ತನ್ನ ಕೈ ಮುಟ್ಟಿದಷ್ಟನ್ನೇ ಹೇಳುವ ಸಾಕ್ಷಿಯನ್ನು ಪಾಟೀಸವಾಲಿನಲ್ಲಿ ಅಲುಗಾಡಿಸುವುದು ಬಹಳ ಕಷ್ಟ. ಇವತ್ತಿಗೂ ಅಷ್ಟೇ.

ಸಂಬಳದ ಕೇಸುಗಳಿಗೆ ನಾವಿಕರು ಈ ಕೋರ್ಟನ್ನೇ ಹುಡುಕಿಕೊಂಡು ಬರುತ್ತಿದ್ದುದಕ್ಕೆ ಕಾರಣ ಇತ್ತು. ಹತ್ತಾರು ಜನ ಸೇರಿ ಒಂದೇ ದಾವೆ ಹಾಕಬಹುದಿತ್ತು. ಮಾಲೀಕ ಸಿಗದಿದ್ದರೆ ಹಡಗನ್ನೇ ಹಿಡಿಸಬಹುದಿತ್ತು. ಉಳಿದ ಕೋರ್ಟುಗಳು ಅಡ್ಮಿರಾಲ್ಟಿಯ ಅಧಿಕಾರವನ್ನು ಮೊಟಕು ಮಾಡಲು ಪದೇ ಪದೇ ತಡೆಯಾಜ್ಞೆ ಕೊಡುತ್ತಿದ್ದರೂ ಸಂಬಳದ ಕೇಸುಗಳನ್ನು ಬಹುಮಟ್ಟಿಗೆ ಅಲ್ಲೇ ಬಿಟ್ಟವು. ಹಾಗಂತ ಕಾನೂನು ಮೆತ್ತಗಿರಲಿಲ್ಲ. ಸರಕು ಸಾಗಿಸಿದ ಬಾಡಿಗೆ ಹುಟ್ಟಿದರೆ ಮಾತ್ರ ಸಂಬಳ ಎಂಬ ನಿಯಮ ಇತ್ತು. ಸರಕು ತಲುಪುವ ಮೊದಲೇ ಹಡಗು ಮುಳುಗಿತೋ, ಜೀವ ಉಳಿಸಿಕೊಂಡು ಈಜಿ ಬಂದವನಿಗೆ ಬಿಡಿಗಾಸೂ ಇಲ್ಲ. ಈ ಕ್ರೂರ ನಿಯಮ ಬ್ರಿಟನ್ನಿನಲ್ಲಿ ಹೋಗಿದ್ದು 1854ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯಿಂದ.

ಕಡಲ್ಗಳ್ಳತನದ ಆರೋಪ ಬಂದರೆ ಲೆಕ್ಕವೇ ಬೇರೆ. ರೋಮನ್ ಪದ್ಧತಿಯಲ್ಲಿ ಶಿಕ್ಷೆ ಕೊಡಬೇಕಾದರೆ ತಪ್ಪೊಪ್ಪಿಗೆ ಬೇಕು, ಇಲ್ಲವೇ ಯಾವ ಪಕ್ಷಕ್ಕೂ ಸೇರದ ಪ್ರತ್ಯಕ್ಷ ಸಾಕ್ಷಿ ಬೇಕು. ನಡು ಸಮುದ್ರದಲ್ಲಿ ಅಂಥವರನ್ನು ಎಲ್ಲಿಂದ ತರೋದು? ಅದಕ್ಕೇ 1536ರಲ್ಲಿ ಕಾಯ್ದೆ ಮಾಡಿ ಇಂಥ ಕೇಸುಗಳನ್ನು ಜ್ಯೂರಿ ಮುಂದೆ ತಂದರು. ಆ ದಾರಿಯಲ್ಲಿ ನಡೆದ ಅತ್ಯಂತ ಹೆಸರಾದ ವಿಚಾರಣೆ ಕ್ಯಾಪ್ಟನ್ ವಿಲಿಯಂ ಕಿಡ್‌ನದು. ಅದರಲ್ಲಿ ನಮ್ಮ ಕಾರವಾರವೂ ಬರುತ್ತದೆ.

ಕಿಡ್ ಹೊರಟಿದ್ದು ಕಡಲ್ಗಳ್ಳರನ್ನು ಹಿಡಿಯಲು, ರಾಜನ ಪರವಾನಗಿ ಇಟ್ಟುಕೊಂಡು. 1697ರ ಸೆಪ್ಟೆಂಬರಿನಲ್ಲಿ ಅವನ ‘ಅಡ್ವೆಂಚರ್ ಗ್ಯಾಲಿ’ ನೀರು, ಸೌದೆಗೆ ಅಂತ ಕಾರವಾರಕ್ಕೆ ಬಂತು. ಅಷ್ಟರಲ್ಲಿ ಅವನು ದಾರಿಯಲ್ಲಿ ಒಂದು ಹಡಗನ್ನು ತಡೆದು, ಅದರ ಇಂಗ್ಲಿಷ್ ಕ್ಯಾಪ್ಟನ್ ಪಾರ್ಕರ್‌ನನ್ನೂ ದುಬಾಶಿ ಕೆಲಸಕ್ಕೆ ಒಬ್ಬ ಪೋರ್ಚುಗೀಸನನ್ನೂ ಎತ್ತಿಕೊಂಡು ಬಂದಿದ್ದ. ಕಾರವಾರದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದ ಕೋಠಿ ಇತ್ತು. ಅಲ್ಲಿನವರು ಹಡಗಿಗೇ ಬಂದು ಆ ಇಬ್ಬರನ್ನು ಕೊಡು ಅಂತ ಕೇಳಿದರು. ನನ್ನ ಹತ್ತಿರ ಯಾರೂ ಇಲ್ಲ ಅಂದುಬಿಟ್ಟ ಕಿಡ್. ಇಬ್ಬರನ್ನೂ ಹಡಗಿನ ಹೊಟ್ಟೆಯಲ್ಲಿ ಬಚ್ಚಿಟ್ಟಿದ್ದರು. ಇದೇ ಕಾರವಾರದಲ್ಲಿ ಅವನ ಕಡೆಯ ಕೆಲವರು ಹಡಗು ಬಿಟ್ಟು ದಡ ಸೇರಿಕೊಂಡರು. ಅವರಲ್ಲೊಬ್ಬ ಬೆಂಜಮಿನ್ ಫ್ರಾಂಕ್ಸ್ ಎಂಬ ಒಡವೆ ವ್ಯಾಪಾರಿ. ಅಕ್ಟೋಬರಿನಲ್ಲಿ ಅವನು ಮುಂಬಯಿಯಲ್ಲಿ ಪ್ರಮಾಣ ಮಾಡಿ ಹೇಳಿಕೆ ಕೊಟ್ಟ. ಕಿಡ್ ಮೇಲೆ ಕಾಗದದಲ್ಲಿ ಕೂತ ಮೊದಮೊದಲ ಸಾಕ್ಷಿಗಳಲ್ಲಿ ಅದೂ ಒಂದು.

1701ರ ಮೇ ತಿಂಗಳಲ್ಲಿ ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನಲ್ಲಿ ಕಿಡ್ ಮತ್ತು ಇನ್ನೂ 9 ಜನರ ಮೇಲೆ ಕಡಲ್ಗಳ್ಳತನದ ವಿಚಾರಣೆ ನಡೆಯಿತು. ಸರ್ಕಾರದ ಕಡೆಯ ಮುಖ್ಯ ಸಾಕ್ಷಿಗಳು ಇಬ್ಬರೇ: ಹಡಗಿನ ವೈದ್ಯ ಬ್ರಾಡಿನ್‌ಹ್ಯಾಮ್, ನಾವಿಕ ಜೋಸೆಫ್ ಪಾಮರ್. ಇಬ್ಬರೂ ಅದೇ ಹಡಗಿನವರು, ಲೂಟಿಯನ್ನು ಕಣ್ಣಾರೆ ಕಂಡವರು. ತಮ್ಮ ಜೀವ ಉಳಿಸಿಕೊಳ್ಳಲು ನನ್ನ ಜೀವ ತೆಗೆಯುತ್ತಿದ್ದಾರೆ ಅನ್ನುವುದೇ ಕಿಡ್‌ನ ವಾದ. ಆ ಆಕ್ಷೇಪಣೆ ಸುಳ್ಳಲ್ಲ ಅಂತ ನನಗನ್ನಿಸುತ್ತದೆ. ಆದರೆ ಕಾರವಾರದ ಸಂಗತಿಯನ್ನೇ ನೋಡಿ. ಯಾರು ಬಂದರು, ಏನು ಕೇಳಿದರು, ಪಾರ್ಕರ್‌ನನ್ನು ಎಲ್ಲಿಟ್ಟಿದ್ದರು ಅಂತ ಪಾಮರ್ ಬಿಡಿಬಿಡಿಯಾಗಿ ಹೇಳಿದ. ಅಲ್ಲಿ ಇದ್ದವನಿಗೆ ಮಾತ್ರ ಗೊತ್ತಿರುವ ವಿವರ ಅದು. ಜ್ಯೂರಿ ನಂಬಿತು.

ಕಟಕಟೆಯಲ್ಲಿದ್ದ ಹತ್ತು ಜನರಲ್ಲಿ ಮೂವರು ಕೈಕೆಳಗಿನ ಹುಡುಗರು. ರಾಬರ್ಟ್ ಲ್ಯಾಮ್ಲಿ ಅಡುಗೆಯವನ ಆಳು, ವಿಲಿಯಂ ಜೆಂಕಿನ್ಸ್ ಮೇಟ್‌ನ (ಕ್ಯಾಪ್ಟನ್ ಕೈಕೆಳಗಿನ ಅಧಿಕಾರಿಯ) ಆಳು, ರಿಚರ್ಡ್ ಬಾರ್ಲಿಕಾರ್ನ್ ಕಿಡ್‌ನದೇ ಆಳು. ಇವರ ಸ್ಥಿತಿ ಸ್ವಲ್ಪ ಯೋಚಿಸಿ. ಆಗಿನ ಕಾನೂನಿನಲ್ಲಿ ಆರೋಪಿ ಪ್ರಮಾಣ ಮಾಡಿ ಸಾಕ್ಷಿ ಹೇಳುವಂತಿಲ್ಲ. ಆ ಹಕ್ಕು ಇಂಗ್ಲೆಂಡಿನಲ್ಲಿ ಪೂರ್ತಿಯಾಗಿ ಬಂದಿದ್ದು 1898ರಲ್ಲಿ. ಇಂಥ ಕೇಸಿನಲ್ಲಿ ನಡೆದ ಸಂಗತಿಯ ಬಗ್ಗೆ ವಾದ ಮಾಡಲು ವಕೀಲರೂ ಇಲ್ಲ. ಸಂಬಳದ ಕೇಸಿನಲ್ಲಿ ಇದೇ ವಯಸ್ಸಿನ ಹುಡುಗನ ಒಂದೊಂದು ಮಾತನ್ನೂ ಕೂತು ಬರೆದುಕೊಳ್ಳುವ ವ್ಯವಸ್ಥೆ, ಕೊರಳಿಗೆ ಹಗ್ಗ ಬರುವ ಕೇಸಿನಲ್ಲಿ ಅವನ ಮಾತಿಗೆ ಸಾಕ್ಷಿಯ ಬೆಲೆಯನ್ನೇ ಕೊಡುತ್ತಿರಲಿಲ್ಲ! ಇದನ್ನು ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ.

ಅವರನ್ನು ಉಳಿಸಿದ್ದು ತಾವು ಇನ್ನೊಬ್ಬರ ಆಳುಗಳು ಎಂಬುದರ ಪುರಾವೆ. ಲೂಟಿಯಲ್ಲಿ ಅವರಿಗೂ ಪಾಲು ಬಂದಿತ್ತು ಎಂಬ ಸಾಕ್ಷಿ ಇತ್ತು, ಹಾಗಾಗಿ ಅಪಾಯ ದೊಡ್ಡದೇ. ಆದರೆ ಸ್ವಂತ ಇಚ್ಛೆಯಿಂದ ಮಾಡಿದರೆ ಮಾತ್ರ ಕಡಲ್ಗಳ್ಳತನ, ಒಡೆಯನ ಒತ್ತಾಯಕ್ಕೆ ಮಾಡಿದ್ದು ಹಾಗಾಗುವುದಿಲ್ಲ ಅಂತ ನ್ಯಾಯಾಧೀಶ ವಾರ್ಡ್ ಜ್ಯೂರಿಗೆ ವಿವರಿಸಿದ. ಮೂವರೂ ಬಿಡುಗಡೆಯಾದರು. ಅಡುಗೆಯವ ಏಬೆಲ್ ಓವೆನ್ಸ್ ತಪ್ಪಿತಸ್ಥ ಆದ, ಅವನ ಆಳು ಪಾರಾದ. ಕಿಡ್‌ಗೆ ಮಾತ್ರ ಕಾಗದ ಕೈಕೊಟ್ಟಿತು. ತಾನು ಹಿಡಿದ ಹಡಗುಗಳ ಹತ್ತಿರ ಫ್ರೆಂಚ್ ರಹದಾರಿ ಇತ್ತು, ಹಾಗಾಗಿ ಅವನ್ನು ಹಿಡಿಯಲು ತನ್ನ ಪರವಾನಗಿಯಲ್ಲಿ ಅವಕಾಶ ಇತ್ತು ಅಂತ ಅವನು ಗೋಳಾಡಿದ, ಕೋರ್ಟಿನಲ್ಲಿ ಅವು ಸಿಗಲೇ ಇಲ್ಲ. ಸಿಕ್ಕಿದ್ದು 20ನೇ ಶತಮಾನದಲ್ಲಿ, ಸರ್ಕಾರಿ ದಾಖಲೆಗಳ ನಡುವೆಯೇ. 1701ರ ಮೇ 23ರಂದು ಅವನನ್ನು ವಾಪಿಂಗ್ ದಂಡೆಯಲ್ಲಿ ಗಲ್ಲಿಗೇರಿಸಿದ್ದರು.

ಈಗ ನನ್ನ ಟೇಬಲ್ಲಿಗೆ ಬರೋಣ. ಸಂಬಳ ಬಾರದೆ ಬಂದರಿನಲ್ಲಿ ಸಿಕ್ಕಿಹಾಕಿಕೊಂಡ ಹುಡುಗರು, ವಿಶ್ರಾಂತಿಯ ಗಂಟೆ ಸುಳ್ಳು ಬರೆದು ಸಹಿ ಹಾಕಿಸಿಕೊಂಡ ಕೇಸುಗಳು ಬರುತ್ತವೆ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, 7 ದಿನದಲ್ಲಿ 77 ಗಂಟೆ ವಿಶ್ರಾಂತಿ ಕೊಡಬೇಕು. ಕಾಗದದಲ್ಲಿ ಎಲ್ಲ ಸರಿ ಇರುತ್ತದೆ. ‘ಸರ್, ಎಲ್ಲರೂ ಹಾಕಿದ್ರು, ನಾನೂ ಹಾಕಿದೆ’ ಅನ್ನುತ್ತಾನೆ ಹುಡುಗ. ಆಗ ನಾನು ಕೇಳುವುದು ಆ ಹಳೇ ಕೋರ್ಟಿನ ಪ್ರಶ್ನೆಯನ್ನೇ: ‘ನೀನು ಕಂಡದ್ದೇನಪ್ಪಾ? ಆಗ ಎಲ್ಲಿ ನಿಂತಿದ್ದೆ?’ ಮನೆಗೆ ಕಳಿಸಿದ ವಾಟ್ಸಾಪ್ ಮೆಸೇಜಿನ ಸಮಯ, ವಾಚ್ ಪಟ್ಟಿಯ ಫೋಟೋ, ಅಂದು ಜೊತೆಗಿದ್ದವನ ಹೆಸರು, ಇಂಥ ಸಣ್ಣ ಸಣ್ಣ ಸಂಗತಿಗಳಿಂದ ಒಂದು ಗಟ್ಟಿ ಅಫಿಡವಿಟ್ ಹುಟ್ಟುತ್ತದೆ.

ಕರಾವಳಿಯಿಂದ ಹಡಗಿಗೆ ಹೋಗುವ ನಮ್ಮ ಹುಡುಗರಿಗೂ ಮನೆಯವರಿಗೂ ಒಂದು ಮಾತು. ಹಡಗಿನ ವ್ಯಾಜ್ಯಗಳಿಗೆಂದೇ ನಮ್ಮ ದೇಶದಲ್ಲಿ ಮಾಡಿದ 2017ರ ಅಡ್ಮಿರಾಲ್ಟಿ ಕಾಯ್ದೆ 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕರ್ನಾಟಕ ಹೈಕೋರ್ಟಿಗೂ ಆ ಅಧಿಕಾರ ಇದೆ, ಹಾಗಾಗಿ ಹಡಗು ಮಂಗಳೂರಿನಲ್ಲಿ ನಿಂತಿದ್ದರೆ ಇಲ್ಲೇ ಅದನ್ನು ಹಿಡಿಸಲು ಅರ್ಜಿ ಹಾಕಬಹುದು. ಹಡಗಿನ ಮೇಲಿನ ಕಡಲ ಹಕ್ಕುಗಳ ಸಾಲಿನಲ್ಲಿ ನಾವಿಕರ ಸಂಬಳಕ್ಕೇ ಮೊದಲ ಸ್ಥಾನ. ಆದರೆ ಸಂಬಳ ಕೊಡಬೇಕಾದ ದಿನದಿಂದ 2 ವರ್ಷದೊಳಗೆ ಹಡಗು ಹಿಡಿಸದಿದ್ದರೆ ಆ ಮೊದಲ ಹಕ್ಕು ಹೋಗಿಬಿಡುತ್ತದೆ. ಏಜೆಂಟ್ ‘ಮುಂದಿನ ತಿಂಗಳು, ಮುಂದಿನ ತಿಂಗಳು’ ಅಂತ ಸುಮ್ನೆ ದಿನ ದೂಡುತ್ತಿದ್ದರೆ ಕಾಯುತ್ತಾ ಕೂರಬೇಡಿ, ಕೆಲಸದ ಕರಾರುಪತ್ರ ತೆಗೆದುಕೊಂಡು ಬೇಗ ಒಬ್ಬ ವಕೀಲರನ್ನು ನೋಡಿ.